ಸೋಮವಾರದ ಹೆಬ್ಬೆಟ್ಟು

ಭೀಮಬಾಯಿಗೆ ಅಕ್ಷರ ಬರುವುದಿಲ್ಲ. ಆದರೂ ಕಲಬುರಗಿಯ ಆ ಖಾಸಗಿ ಹೆರಿಗೆ ದವಾಖಾನೆಯ ಕಪಾಟಿನ ತುಂಬ ಅವಳೇ ಇದ್ದಾಳೆ. ಹದಿನೆಂಟು ವರ್ಷದ ಫೈಲುಗಳಲ್ಲಿ ಯಾವುದನ್ನು ತೆಗೆದರೂ ಒಂದು ಹಾಳೆಯ ಮೇಲೆ ನೀಲಿ ಮಸಿಯ ಹೆಬ್ಬೆಟ್ಟು ಸಿಗುತ್ತದೆ. ಅದು ಅವಳದು.

ಕೆಲಸ ಆಯಾಳದು. ಬೆಳಕು ಹರಿಯುತ್ತಲೇ ಬಂದು ರಕ್ತದ ಚಾದರಗಳನ್ನು ತಣ್ಣೀರಿಗೆ ಹಾಕಬೇಕು. ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ. ಹೆರಿಗೆಯ ಟೇಬಲ್ ತಿಕ್ಕಬೇಕು. ಮಾಸು ಬಿದ್ದ ತಟ್ಟೆ ಎತ್ತಬೇಕು. ಏಳಲಾಗದವರ ಕೆಳಗೆ ಪಾತ್ರೆ ಇಡಬೇಕು, ತೆಗೆಯಬೇಕು, ತೊಳೆಯಬೇಕು, ಮತ್ತೆ ಇಡಬೇಕು. ಫಿನಾಯಿಲಿಗೆ ಅವಳ ಬೆರಳ ಸಂದುಗಳು ಬಿರಿದು ಹೋಗಿವೆ. ಉಣ್ಣುವಾಗ ಖಾರ ತಾಗಿದರೆ ಜೀವ ಹೋಗುತ್ತದೆ. ಅವಳ ಚಹದ ಲೋಟ ಬಟ್ಟೆ ಒಗೆಯುವ ಕೋಣೆಯ ಕಿಟಕಿಯಲ್ಲಿರುತ್ತದೆ. ಉಳಿದವರ ಲೋಟಗಳು ಅಡುಗೆಮನೆಯಲ್ಲಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಸಿಸ್ಟರ್ ಶೀಲಾ ಅದನ್ನು ಅಲ್ಲಿಟ್ಟಳು, ಏನೂ ಹೇಳಲಿಲ್ಲ. ಕೇರಿಯಲ್ಲಿ ಹುಟ್ಟಿದವರಿಗೆ ಇಂಥದ್ದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಸೋಮವಾರ ಬೆಳಿಗ್ಗೆ ಮಾತ್ರ ಅವಳನ್ನು ಆಫೀಸಿನೊಳಗೆ ಕರೆಯುತ್ತಿದ್ದರು.

"ಕೈ ಒರಸ್ಕೊಂಡ್ ಬಾ ಭೀಮಬಾಯಿ," ಎಂದು ಶೀಲಾ ಮಸಿಯ ಡಬ್ಬಿ ತೆರೆಯುತ್ತಿದ್ದಳು. "ಮ್ಯಾಲೊಂದು, ಕೆಳಗೊಂದು. ಜಲ್ದಿ."

ಮೇಜಿನ ಮೇಲೆ ಹತ್ತು ಹದಿನೈದು ಹಾಳೆ ಇರುತ್ತಿದ್ದವು. ಎಲ್ಲ ಇಂಗ್ಲಿಷಿನಲ್ಲಿ ಅಚ್ಚಾದವು. ರೋಗಿಯ ಹೆಸರಿನ ಜಾಗ ಖಾಲಿ. ಆಪರೇಷನ್ನಿನ ಹೆಸರಿನ ಜಾಗ ಖಾಲಿ. ತಾರೀಖಿನ ಜಾಗ ಖಾಲಿ. ಭೀಮಬಾಯಿ ಸೆರಗಿಗೆ ಕೈ ಒರೆಸಿಕೊಂಡು ಒಂದೊಂದಕ್ಕೂ ಎರಡೆರಡು ಸಲ ಒತ್ತುತ್ತಿದ್ದಳು. ಮೇಲೊಂದು, ಕೆಳಗೊಂದು.

"ಹೊತ್ತಿಲ್ಲದ ಹೊತ್ತಿನ್ಯಾಗ ಪೇಶಂಟ್ ಬರ್ತಾವ," ಎಂದು ಒಮ್ಮೆ ಶೀಲಾ ತಾನಾಗಿಯೇ ಹೇಳಿದ್ದಳು. "ಬ್ಯಾನಿ ತಿನ್ನೋ ಹೆಣ್ಮಕ್ಕಳ ಕೈಗೆ ಪೆನ್ನು ಕೊಟ್ಕೊಂತ ಕೂಡ್ಲಾಕ ಆಗ್ತದೇನು? ರೆಡಿ ಇದ್ರ ಚೊಲೊ."

ಭೀಮಬಾಯಿ ಅದನ್ನು ದವಾಖಾನೆಯ ಮೊಹರು ಎಂದು ತಿಳಿದಿದ್ದಳು. ಕಮಲಾಪುರದ ಕೇರಿಗೆ ಹೋದಾಗ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದಳು: "ನನ್ನ ಹೆಬ್ಬೆಟ್ಟು ಬೀಳಲಾರದ ಅಲ್ಲಿ ಒಂದು ಚಾಕೂ ಏಳಂಗಿಲ್ಲ!" ಕೇಳಿದವರು ನಗುತ್ತಿದ್ದರು, ಆದರೆ ನಂಬುತ್ತಿದ್ದರು. ವರ್ಷಗಟ್ಟಲೆ ಕಂಡವರ ಉಚ್ಚೆ ರಕ್ತ ಬಳಿದವಳಿಗೆ ವಾರಕ್ಕೊಮ್ಮೆ ಮೇಜಿನ ಪಕ್ಕ ನಿಲ್ಲುವ ಮರ್ಯಾದೆ ಸಿಕ್ಕರೆ ಹಿಗ್ಗು ಬಾರದೆ ಇರುತ್ತದೆಯೇ? ಅವಳ ಹಿಗ್ಗನ್ನು ಕಂಡು ನಗುವ ಹಕ್ಕು ಯಾರಿಗೂ ಇಲ್ಲ. ಅದನ್ನು ಬಳಸಿಕೊಂಡವರಿಗಂತೂ ಇಲ್ಲವೇ ಇಲ್ಲ.

ದವಾಖಾನೆಯ ಒಡತಿ ಡಾಕ್ಟರ್ ಮಂಜುಷಾ ಕೆಟ್ಟ ಹೆಂಗಸಾಗಿರಲಿಲ್ಲ. ಆಗಿದ್ದರೆ ಮುಂದೆ ಆದದ್ದಕ್ಕೆ ಭೀಮಬಾಯಿ ಇಷ್ಟು ನೊಂದುಕೊಳ್ಳುತ್ತಿರಲಿಲ್ಲ. ಪಂಚಮಿಗೆ ಸೀರೆ ಕೊಡುತ್ತಿದ್ದರು. ಕಣ್ಣಿಗೆ ಪೊರೆ ಬಂದಾಗ ತಮ್ಮ ಕಾರಿನಲ್ಲಿ ಕೂಡಿಸಿಕೊಂಡು ಹೋಗಿ ಆಪರೇಷನ್ ಮಾಡಿಸಿದ್ದರು. ಬಂದವರ ಮುಂದೆ "ನಮ್ಮ ಭೀಮಬಾಯಿ" ಅನ್ನುತ್ತಿದ್ದರು. ಆ ಎರಡು ಮಾತಿಗಾಗಿ ಭೀಮಬಾಯಿ ಹಬ್ಬವಿಲ್ಲ ಹುಣ್ಣಿಮೆಯಿಲ್ಲ ದುಡಿದಳು. "ನಮ್ಮ ಅಕ್ಕಾರು ದೇವರಂಥೋರು" ಎಂದು ಊರೆಲ್ಲ ಸಾರಿದಳು. ಕಮಲಾಪುರದ ಎಷ್ಟೋ ಬಸುರಿಯರನ್ನು ತಾನೇ ಬಸ್ಸು ಹತ್ತಿಸಿ ಕರೆತಂದಳು. ಅವರಲ್ಲಿ ಮಲ್ಲಿಕಾ ಒಬ್ಬಳು.

ಮಲ್ಲಿಕಾ ತಂಗಿಯ ಮಗಳು. ತಂಗಿ ಸತ್ತಾಗ ಹುಡುಗಿಗೆ ನಾಲ್ಕು ವರ್ಷ. ಭೀಮಬಾಯಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಈ ಹುಡುಗಿಯೇ ಮಗಳಾದಳು. ಏಳನೆಯ ತರಗತಿಯವರೆಗೆ ಸಾಲಿಗೆ ಕಳಿಸಿದಳು. ಕಮಲಾಪುರದ ಸೈಬಣ್ಣನಿಗೆ ಕೊಟ್ಟು ಮದುವೆ ಮಾಡಿದಳು. ಗಂಡ ಹೆಂಡತಿ ಇಬ್ಬರೂ ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ. ಅವನು ಗೊನೆ ಕಡಿಯುತ್ತಾನೆ, ಇವಳು ತಲೆಯ ಮೇಲೆ ಹೊತ್ತು ಲಾರಿಯವರೆಗೆ ಒಯ್ಯುತ್ತಾಳೆ. ಬಾಳೆಯ ಸೊನೆ ಬಿದ್ದು ಇವಳ ಯಾವ ಸೀರೆಯೂ ನೆಟ್ಟಗಿಲ್ಲ.

ಮೊದಲನೆಯದು ಹೆಣ್ಣು, ಹೊಟ್ಟೆ ಕೊಯ್ದೇ ಆಯಿತು. ಎರಡನೆಯ ಬಸುರಿಗೆ ಭೀಮಬಾಯಿ ಹಟ ಹಿಡಿದಳು. "ಬ್ಯಾರೆ ಎಲ್ಲೂ ಬ್ಯಾಡ. ನಮ್ಮ ಅಕ್ಕಾರ ಕೈಯಾಗ ಆಗ್ಲಿ." ತಾನೇ ಒಗೆದ ಚಾದರ ಹಾಸಿ ಮಲಗಿಸಿದಳು. ಆಪರೇಷನ್ ಕೋಣೆಯ ಬಾಗಿಲಲ್ಲಿ ತಿಕ್ಕುವ ಬ್ರಷ್ಷು ಹಿಡಿದುಕೊಂಡು ಕೂತಳು. ಗಂಡು ಕೂಸು ಆಯಿತು. ಒಂಬತ್ತನೆಯ ದಿನ ಜ್ವರ ಬಂದು ಆ ಕೂಸು ತೀರಿಹೋಯಿತು.

ಆಮೇಲೆ ಮಲ್ಲಿಕಾ ಬಸುರಾಗಲೇ ಇಲ್ಲ. ಎರಡು ವರ್ಷ ಕಾದರು. ಮತ್ತೆರಡು ವರ್ಷ ಔಷಧ. ತಿಂಗಳಿಗೊಮ್ಮೆ ಮಲ್ಲಿಕಾ ಒಂದು ದಿನದ ಕೂಲಿ ಬಿಟ್ಟು ಕಲಬುರಗಿಗೆ ಬರುತ್ತಿದ್ದಳು. ಡಾಕ್ಟರ್ ಮಂಜುಷಾ ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಕಣ್ಣ ಕೆಳರೆಪ್ಪೆ ಎಳೆದು ನೋಡಿ ಕೆಂಪು ಗುಳಿಗೆ ಬರೆಯುತ್ತಿದ್ದರು.

"ರಕ್ತ ಕಮ್ಮಿ ಅದ ಮಲ್ಲಿಕಾ. ರಕ್ತ ತುಂಬ್ಲಿ, ಆಗ್ತದ. ಚಿಂತಿ ಮಾಡಬ್ಯಾಡ."

ಆ ಗುಳಿಗೆಗಳನ್ನು ಭೀಮಬಾಯಿ ತಾನೇ ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ಮಲ್ಲಿಕಾ ಒಂದೂ ತಪ್ಪಿಸಲಿಲ್ಲ. ಉಪವಾಸ ಹಿಡಿದಳು. ಕಲಬುರಗಿಗೆ ಬಂದಾಗಲೆಲ್ಲ ರೋಜಾ ಓಣಿಯ ದರ್ಗಾದಲ್ಲಿ ದಾರ ಕಟ್ಟಿದಳು. ಗೊನೆ ಹೊತ್ತು ಹೊತ್ತು ಗರ್ಭಕೋಶ ಜಾರಿದೆ ಎಂದು ಯಾರೋ ಅಂದರು. ಅಂದಿನಿಂದ ಭಾರ ಎತ್ತುವಾಗಲೆಲ್ಲ ಅವಳಿಗೆ ತನ್ನ ಮೈಯ ಮೇಲೇ ಸಿಟ್ಟು ಬರುತ್ತಿತ್ತು. ಅತ್ತೆ ಮುಖದ ಮುಂದೆಯೇ "ಗೊಡ್ಡು" ಎಂದಳು. ಮಗನಿಗೆ ಮತ್ತೊಂದು ಮದುವೆ ಮಾಡಲು ಹುಮನಾಬಾದ ಕಡೆ ಒಂದು ಹುಡುಗಿಯನ್ನು ನೋಡಿಕೊಂಡೂ ಬಂದಳು. ಸೈಬಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕಮಲಾಪುರದ ಸರ್ಕಾರಿ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರ್ ಪ್ರೀತಿ, ಮಲ್ಲಿಕಾ ತೋರಿಸಿದ ಗುಳಿಗೆಯ ಚೀಟಿಗಳನ್ನೆಲ್ಲ ನೋಡಿ ಹುಬ್ಬು ಗಂಟಿಕ್ಕಿದರು. ಬಣ್ಣ ಬಿಟ್ಟು ತೆಗೆಯುವ ಒಂದು ಎಕ್ಸರೇಗೆ ಕಲಬುರಗಿಯ ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಎಕ್ಸರೇ ಬಂದ ದಿನ ಭೀಮಬಾಯಿಯೂ ರಜೆ ಹಾಕಿ ಹೋಗಿದ್ದಳು.

"ಕೂಡ್ರಿ ಇಬ್ಬರೂ," ಎಂದರು ಪ್ರೀತಿ. ಫಿಲ್ಮು ಬೆಳಕಿಗೆ ಹಿಡಿದರು. "ಮಲ್ಲಿಕಾ ಅವ್ರೆ, ಎರಡನೇ ಹೆರಿಗಿ ವ್ಯಾಳ್ಯಾದಾಗ ನಿಮಗ ಮಕ್ಕಳಾಗಲಾರದ ಆಪರೇಷನ್ ಮಾಡ್ಯಾರೇನು?"

"ಇಲ್ರಿ ಮೇಡಂ. ಮಕ್ಕಳಾಗಲಿ ಅಂತ ಗುಳಿಗಿ ಕೊಡ್ಲಾಕತ್ತಾರ."

ಪ್ರೀತಿ ಫಿಲ್ಮು ಕೆಳಗಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು. ಎರಡೂ ಕಡೆಯ ಗರ್ಭನಳಿಕೆ ಒಂದೇ ಜಾಗದಲ್ಲಿ ಮುಚ್ಚಿವೆ. ತಾವಾಗಿಯೇ ಹೀಗೆ ಮುಚ್ಚುವುದು ಕಮ್ಮಿ. ಯಾರೋ ಕಟ್ಟಿದಂತೆ ಕಾಣುತ್ತದೆ. ಖಾತ್ರಿಯಾಗಬೇಕಾದರೆ ಆಪರೇಷನ್ನಿನ ಕಾಗದ ಬೇಕು.

"ನಿಮ್ಮ ಕಾಗದ ನಿಮ್ಮ ಹಕ್ಕರಿ. ಬರದು ಕೇಳಿದ್ರ ಮೂರು ದಿನದಾಗ ಕೊಡಬೇಕು. ಹಂಗಂತ ನಿಯಮ ಅದ."

ಮೂರು ದಿನ ಮೂರು ವಾರವಾಯಿತು. ಮಲ್ಲಿಕಾ ಹೋದಾಗಲೆಲ್ಲ ಶೀಲಾ ನಾಳೆ ಬಾ ಅಂದಳು. ಭೀಮಬಾಯಿ ಕೇಳಿದರೆ "ನಿನಗ್ಯಾಕ ಅದರ ಉಸಾಬರಿ?" ಅಂದಳು. ಕೊನೆಗೆ ಪ್ರೀತಿಯೇ ಅರ್ಜಿ ಬರೆದು, ಮಲ್ಲಿಕಾಳ ಸಹಿ ಹಾಕಿಸಿ, ಮೇಲಿನ ಅಧಿಕಾರಿಗಳಿಗೂ ಒಂದು ಪ್ರತಿ ಕಳಿಸಿ, ರಿಜಿಸ್ಟರ್ ಅಂಚೆ ಮಾಡಿದರು. ಕಾಗದ ಅಂಚೆಯಲ್ಲೇ ಬಂತು. ಇಷ್ಟೆಲ್ಲ ಆಗುವಾಗಲೂ ಭೀಮಬಾಯಿ ಒಳಗೊಳಗೆ ಹರಕೆ ಹೊತ್ತಿದ್ದಳು. ಎಲ್ಲ ಸುಳ್ಳಾಗಲಿ. ನಮ್ಮ ಅಕ್ಕಾರು ಹಾಗೆ ಮಾಡುವವರಲ್ಲ.

ಪ್ರೀತಿ ಓದಿ ಕನ್ನಡದಲ್ಲಿ ಹೇಳಿದರು. ಹೊಟ್ಟೆ ಕೊಯ್ದು ಹೆರಿಗೆ. ಅದರ ಜೊತೆಗೇ ಎರಡೂ ನಳಿಕೆ ಕಟ್ಟಿ ಕತ್ತರಿಸಲಾಗಿದೆ. ರೋಗಿಗೆ ಅವರ ಭಾಷೆಯಲ್ಲಿ ಎಲ್ಲ ತಿಳಿಸಿ ಹೇಳಲಾಗಿದೆ. ರೋಗಿ ತಾನಾಗಿ ಒಪ್ಪಿದ್ದಾಳೆ.

"ಯಾರು ಒಪ್ಯಾರ?" ಎಂದಳು ಮಲ್ಲಿಕಾ.

"ಇಲ್ಲಿ ನಿಮ್ಮ ಹೆಬ್ಬೆಟ್ಟು ಅದ."

"ನನಗ ಸಹಿ ಬರ್ತದ್ರಿ ಮೇಡಂ. ನೀವೇ ನೋಡೀರಿ. ಏಳನೇತ್ತ ತನಕ ಓದೀನಿ. ನಾ ಎಲ್ಲೂ ಹೆಬ್ಬೆಟ್ಟು ಒತ್ತಂಗಿಲ್ಲ."

ಪ್ರೀತಿ ಹಾಳೆ ತಿರುಗಿಸಿ ಮುಂದೆ ಹಿಡಿದರು. ಮೇಲೊಂದು, ಕೆಳಗೊಂದು. ಮೇಲಿನದು ರೋಗಿಯದಂತೆ. ಕೆಳಗಿನದು ಸಾಕ್ಷಿಯದಂತೆ. ಎರಡರಲ್ಲೂ ನಟ್ಟನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಬಹಳ ಹಿಂದೆ ಇಂಜೆಕ್ಷನ್ನಿನ ಒಡೆದ ಗಾಜು ಎತ್ತುವಾಗ ಭೀಮಬಾಯಿಯ ಹೆಬ್ಬೆರಳು ಸೀಳಿತ್ತು. ಗಾಯ ಮಾಯಿತು, ಗೆರೆ ಉಳಿಯಿತು.

ಭೀಮಬಾಯಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. 

"ಇದು ಯಾರದೋ ಗೊತ್ತಿಲ್ಲ," ಪ್ರೀತಿ ಹೇಳುತ್ತಿದ್ದರು. "ತಿಳಿಯೋ ಭಾಷಾದಾಗ ಹೇಳಬೇಕು. ಹೆಂಗಸು ಹೂಂ ಅನಬೇಕು. ಆಕಿನೇ ಸಹಿ ಹಾಕಬೇಕು. ಅದಿಲ್ಲದ ಮೈ ಮುಟ್ಟಲಾಕ ಯಾವ ಡಾಕ್ಟರಿಗೂ ಹಕ್ಕಿಲ್ರಿ. ನನಗೂ ಇಲ್ಲ."

ಮಲ್ಲಿಕಾ ಅಳಲಿಲ್ಲ. ಚೀಲದಿಂದ ಉಳಿದ ಕೆಂಪು ಗುಳಿಗೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಹಂಗಾದ್ರ ಇವು ಯಾತಕ್ಕಿದ್ವು ಮೇಡಂ?" ಎಂದು ಕೇಳಿದಳು. ಆಮೇಲೆ ಅಲ್ಲೇ ಕೂತು ತಕರಾರು ಬರೆದು ಸಹಿ ಹಾಕಿದಳು.

ಕಲಬುರಗಿಗೆ ಮರಳುವ ಬಸ್ಸಿನಲ್ಲಿ ಭೀಮಬಾಯಿ ಸೆರಗಿನಿಂದ ಕೈ ಹೊರಗೆ ತೆಗೆಯಲಿಲ್ಲ. ಆಳಂದ ಕಡೆಯ ಒಬ್ಬ ಹೆಂಗಸು ನೆನಪಾದಳು. ಹಿಂದೊಮ್ಮೆ ದವಾಖಾನೆಯಿಂದ ಮನೆಗೆ ಹೊರಟು ನಿಂತವಳು ಇವಳ ಸೆರಗು ಹಿಡಿದು ಎಳೆದಿದ್ದಳು. "ಅವ್ವಾ, ನನಗ ಏನ್ ಮಾಡ್ಯಾರ ಖರೇ ಹೇಳು. ಹೊಟ್ಟಿಯೊಳಗಿಂದ ಏನೋ ತಗದಂಗ ಅದ." ಭೀಮಬಾಯಿ ಆ ಕೈ ಬಿಡಿಸಿದ್ದಳು. "ಡಾಕ್ಟರ್ ಅಕ್ಕಾರಿಗಿಂತ ಶಾಣ್ಯಾಕಿ ಏನು ನೀ? ಸುಮ್ಮ ಹೋಗು" ಎಂದು ಗದರಿದ್ದಳು. ಅಂಥವರು ಒಬ್ಬರಲ್ಲ. ಎಷ್ಟೋ ಮಂದಿ. ಕೇಳಿದವರೆಲ್ಲ ಇವಳನ್ನೇ ಕೇಳಿದ್ದರು, ಯಾಕೆಂದರೆ ಇವಳೂ ತಮ್ಮಂಥವಳೇ ಎಂದು ನಂಬಿದ್ದರು.

ಎರಡು ದಿನ ಬಿಟ್ಟು ಡಾಕ್ಟರ್ ಮಂಜುಷಾ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ದವಾಖಾನೆಯ ವ್ಯವಹಾರ ನೋಡುವ ಅವರ ಗಂಡ ಅಜಿತ ಕಿಟಕಿಯ ಹತ್ತಿರ ನಿಂತಿದ್ದ.

"ಕೂಡು ಭೀಮಬಾಯಿ," ಎಂದರು ಮಂಜುಷಾ.

ಭೀಮಬಾಯಿ ನೆಲದ ಮೇಲೆ ಕೂರಲು ಬಾಗಿದಳು.

"ಕುರ್ಚಿ ಮ್ಯಾಲ ಕೂಡು."

ಚಹ ಬಂತು. ಅಡುಗೆಮನೆಯ ಕಪ್ ಬಸಿಯಲ್ಲಿ ಬಂತು, ಬಿಳಿ ಪಿಂಗಾಣಿ, ಅಂಚಿಗೆ ಬಂಗಾರದ ಗೆರೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಭೀಮಬಾಯಿಗೆ ಎಲ್ಲವೂ ಆಗಲೇ ತಿಳಿದುಹೋಯಿತು. ಅವಳು ಚಹ ಮುಟ್ಟಲಿಲ್ಲ.

"ನಿನ್ನ ಹುಡುಗಿ ನನ್ನ ಮ್ಯಾಲ ತಕರಾರು ಕೊಟ್ಟಾಳಂತ," ಎಂದರು ಮಂಜುಷಾ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ನಾ ಏನು ಕಮ್ಮಿ ಮಾಡಿದ್ದೆ ನಿಮಗ?"

"ಅಕ್ಕಾರ, ಆಕಿ ನಳಿಗಿ ಕಟ್ಟೀರೇನು?"

"ಹೊಟ್ಟಿ ತಗದ ಮ್ಯಾಲ ನೋಡಿದೆ. ಹಳೇ ಹೊಲಿಗಿ ತೆಳ್ಳಗ ಕಾಗದದಂಗ ಆಗಿತ್ತು. ಇನ್ನೊಮ್ಮೆ ಬಸುರಾದ್ರ ಅದು ಹರದು ಆಕಿ ಸಾಯ್ತಿದ್ಳು. ಆಕಿ ಜೀವ ಉಳಿಸೀನಿ ಭೀಮಬಾಯಿ. ಒಳ್ಳೇದಕ್ಕೇ ಮಾಡೀನಿ."

"ಹೇಳಬೇಕಿತ್ತಲ್ರಿ."

"ಹೇಳಿದ್ರ ನೀವು ಕೇಳ್ತಿದ್ರೇನು? ಗಂಡು ಬೇಕು ಗಂಡು ಬೇಕು ಅಂತ ಸಾಯೋ ಮಂದಿ ನೀವು. ಅಡ್ಡ ಮಲಗಿಸಿ ಹೊಟ್ಟಿ ತಗದಿಟ್ಟು ಯಾರಿಗೆ ತಿಳಿಸಿ ಹೇಳ್ಕೊಂತ ಕೂಡ್ಲಿ?"

"ನಾ ಬಾಗಿಲದಾಗೇ ಕುಂತಿದ್ದೆ ಅಕ್ಕಾರ. ಒಂದ್ ಮಾತು ಒದರಿದ್ರ ಕೇಳಸ್ತಿತ್ತು. ಆವತ್ತು ಬ್ಯಾಡ, ಮನಿಗಿ ಹೋಗೋ ದಿನ ಹೇಳಬೇಕಿತ್ತು. ಕೂಸು ಸತ್ತಾಗ ಹೇಳಬೇಕಿತ್ತು." ಭೀಮಬಾಯಿ ಚಹದ ಬಸಿಯನ್ನು ಆಚೆ ಸರಿಸಿದಳು. "ಎರಡು ವರ್ಷ ಗುಳಿಗಿ ಯಾಕ ಕೊಟ್ರಿ?"

ಮಂಜುಷಾ ಮುಖ ತಿರುಗಿಸಿದರು. "ರಕ್ತದ ಗುಳಿಗಿ ಅವು. ಕೆಟ್ಟದೇನಲ್ಲ. ಆಕಿ ಮನಸ್ಸಿಗೆ ಸಮಾಧಾನ ಇರ್ಲಿ ಅಂತ ಕೊಟ್ಟೆ."

ಸಮಾಧಾನ! ತಿಂಗಳು ತಿಂಗಳು ಮುಟ್ಟಾದಾಗ ಮಲ್ಲಿಕಾ ಬಚ್ಚಲಲ್ಲಿ ಕೂತು ತಲೆ ಚಚ್ಚಿಕೊಂಡದ್ದನ್ನು ಭೀಮಬಾಯಿ ಕಣ್ಣಾರೆ ನೋಡಿದ್ದಳು. ಈ ಕೋಣೆಯಲ್ಲಿ ಕೂತು, ಇದೇ ಕೈಯಿಂದ, ಆಗದ್ದನ್ನು ಆಗುತ್ತದೆ ಎಂದು ಬರೆದುಕೊಟ್ಟು, ಅದಕ್ಕೆ ಸಮಾಧಾನ ಎಂದು ಹೆಸರು. ಭೀಮಬಾಯಿಗೆ ಪಂಚಮಿಯ ಸೀರೆಗಳೆಲ್ಲ ಮೈಮೇಲೆ ಉರಿದಂತಾಯಿತು.

ಅಜಿತ ಒಂದು ಹಾಳೆ ತಂದು ಮೇಜಿನ ಮೇಲಿಟ್ಟ. ಮಸಿಯ ಡಬ್ಬಿ ತೆರೆದ.

"ಇದರಾಗ ಹಿಂಗ ಬರದದ. ಮಲ್ಲಿಕಾ ಕೈಗೆ ಸಲಾಯಿನ್ ಹಚ್ಚಿದ್ರು, ಸಹಿ ಮಾಡ್ಲಾಕ ಬರ್ಲಿಲ್ಲ. ಡಾಕ್ಟ್ರು ಎಲ್ಲ ತಿಳಿಸಿ ಹೇಳಿದ್ರು. ಆಕಿ ಬಾಯಿಲೆ ಹೂಂ ಅಂದ್ಳು. ಆಕಿನ್ನ ಬೆಳೆಸಿದಾಕಿ ನೀನು, ಆಕಿ ಹೇಳಿದ್ದಕ್ಕೇ ಆಕಿ ಪರವಾಗಿ ಹೆಬ್ಬೆಟ್ಟು ಕೊಟ್ಟಿ. ಇಷ್ಟೇ. ಒತ್ತು."

"ಅದು ಸುಳ್ಳದ್ರಿ."

"ಸುಳ್ಳು ಖರೇ ನೋಡಾಕಿ ನೀ ಅಲ್ಲ," ಎಂದ ಅಜಿತ. "ಮಂದಿ ಹೆಸರಿನ್ಯಾಗ ಹೆಬ್ಬೆಟ್ಟು ಒತ್ತೋದು ಗುನ್ಹೇ. ಆ ಫಾರ್ಮಿನ್ಯಾಗ ಡಾಕ್ಟರ್ ಹೆಬ್ಬೆಟ್ಟಿಲ್ಲ, ನಿಂದದ. ಪೊಲೀಸ್ರು ಮೊದಲು ನಿನ್ನ ಮನಿಗೇ ಬರ್ತಾರ. ಗೊತ್ತಾಯ್ತಾ?"

"ಹಂಗ ಹೆದರಸಬ್ಯಾಡ್ರಿ ಆಕಿನ್ನ," ಎಂದರು ಮಂಜುಷಾ ಗಂಡನಿಗೆ. ಭೀಮಬಾಯಿಯ ಕಡೆ ತಿರುಗಿದರು. "ನೀ ನಮ್ಮ ಮನಿಯಾಕಿ. ನಾಳೆ ನಿನ್ನ ಮುಪ್ಪಿನ ಕಾಲಕ್ಕ ನಾನಿಲ್ಲೇನು?"

ಭೀಮಬಾಯಿ ಎದ್ದು ನಿಂತಳು. "ನಾ ಒತ್ತಂಗಿಲ್ಲ."

ಅಜಿತ ಎರಡು ಹೆಜ್ಜೆ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದ. ಅವಳು ಮುಟ್ಟಿದ ಲೋಟ ಮುಟ್ಟದವನು ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಮಸಿಗೆ ಅದ್ದಿದ. ಅವನ ಬೆರಳು ಒತ್ತಿ ಬಿರಿದ ಚರ್ಮ ಉರಿಯಿತು. ಮಂಜುಷಾ ನೋಡುತ್ತಿದ್ದರು. ಬಿಡು ಅನ್ನಲಿಲ್ಲ. ಅವರು ಬಿಡು ಅನ್ನುತ್ತಾರೆ ಎಂದು ಭೀಮಬಾಯಿ ಒಂದು ಗಳಿಗೆ ಕಾದಳು. ಆ ಒಂದು ಗಳಿಗೆಯಲ್ಲಿ ಅವಳ ಹದಿನೆಂಟು ವರ್ಷವೂ ಹೋಯಿತು.

ಚಾದರ ಹಿಂಡಿ ಹಿಂಡಿ ಗಟ್ಟಿಯಾದ ಕೈ ಅದು. ಒಂದೇ ಜಗ್ಗಿಗೆ ಬಿಡಿಸಿಕೊಂಡಳು. ಡಬ್ಬಿ ಉರುಳಿ ಹಾಳೆಯ ತುಂಬ ಮಸಿ ಹರಿಯಿತು.

"ಕಳ್ಳರು ನೀವು!" ಎಂದಳು. ಅವಳ ದನಿ ವಾರ್ಡಿನವರೆಗೆ ಕೇಳಿಸಿತು. "ಬಾಣಂತಿ ಮಲಗಿದ್ದಾಗ ಹೊಟ್ಟಿಯಾಗಿಂದ ಕದ್ದೀರಿ. ನನ್ನ ಕೈಲೆ ಕದ್ದೀರಿ!"

ಅಂದು ನೆನೆಹಾಕಿದ ಚಾದರಗಳು ತಣ್ಣೀರಿನಲ್ಲಿಯೇ ಉಳಿದವು.

ಎಲ್ಲಕ್ಕಿಂತ ಕಷ್ಟದ್ದು ಇನ್ನೂ ಬಾಕಿಯಿತ್ತು. ನೆಟ್ಟಗೆ ಕಮಲಾಪುರದ ಬಸ್ಸು ಹತ್ತಿದಳು. ಮಲ್ಲಿಕಾ ತೋಟದಲ್ಲಿದ್ದಳು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಗೊನೆ, ಕುತ್ತಿಗೆಯ ನರ ಉಬ್ಬಿತ್ತು. ಲಾರಿಗೆ ಗೊನೆ ಇಳಿಸಿ ಬರುವವರೆಗೆ ಭೀಮಬಾಯಿ ಬದುವಿನಲ್ಲಿ ನಿಂತಳು. ಮಸಿ ಹತ್ತಿದ ಕೈ ಮುಂದೆ ಚಾಚಿದಳು.

"ಆ ಹೆಬ್ಬೆಟ್ಟು ನಂದು ಮಲ್ಲಿ. ಎರಡೂ ನಂದು."

ಮಲ್ಲಿಕಾಗೆ ಮೊದಲು ತಿಳಿಯಲಿಲ್ಲ. ಭೀಮಬಾಯಿ ಸೋಮವಾರದ ಹಾಳೆಗಳ ಕತೆಯನ್ನೆಲ್ಲ ಹೇಳಿದಳು. ನಿನ್ನದು ಎಂದು ಗೊತ್ತಿರಲಿಲ್ಲ, ಹಾಳೆ ಖಾಲಿ ಇತ್ತು ಎಂದಳು. ಮೊನ್ನೆ ಗುರುತಿಸಿದರೂ ಹೇಳಲು ಬಾಯಿ ಬರಲಿಲ್ಲ ಎಂದಳು. ಮಲ್ಲಿಕಾ ಸಿಂಬಿ ಬಿಚ್ಚಿ, ಆ ಬಟ್ಟೆಯಿಂದ ಕುತ್ತಿಗೆ ಒರೆಸಿಕೊಂಡಳು.

"ಅಂದ್ರ ನೀ ಯಾರ ಹೆಸರಿನ್ಯಾಗರ ಒತ್ತತಿದ್ದಿ."

"ಹೂಂ."

"ನಂದಾಗಿದ್ದಕ್ಕ ಇವತ್ತು ಬಂದಿ. ಬ್ಯಾರೇರದಾಗಿದ್ರ ಬರೋ ಸೋಮಾರ ಮತ್ತ ಒತ್ತತಿದ್ದಿ."

ಭೀಮಬಾಯಿ ಚಾಚಿದ ಕೈ ಕೆಳಗಿಳಿಸಿದಳು. ಅದು ನಿಜವಾಗಿತ್ತು.

"ಎರಡ್ ವರ್ಷ ಗುಳಿಗಿ ಕಟ್ಟಿ ಕೊಟ್ಟಿ. ನಮ್ಮ ಅಕ್ಕಾರು, ನಮ್ಮ ಅಕ್ಕಾರು ಅಂದಿ. ನನ್ನ ಅತ್ತಿ ಗೊಡ್ಡು ಅಂದಾಗ ಸೈರಣಿ ಇರ್ಲಿ ಅಂದಿ." ಮಲ್ಲಿಕಾ ಎಳೆದೆಳೆದು ಉಸಿರಾಡುತ್ತಿದ್ದಳು. "ಹೋಗು. ನನ್ನ ಮುಂದ ನಿಂದರಬ್ಯಾಡ. ಹೋಗು."

ಸುದ್ದಿ ಗೊತ್ತಾದ ಮೇಲೂ ಮನೆಯಲ್ಲಿ ಏನೂ ಬದಲಾಗಲಿಲ್ಲ. "ಯಾರ ತಪ್ಪಾದ್ರೇನು, ಕೂಸಂತೂ ಆಗಂಗಿಲ್ಲಲ್ಲ" ಎಂದು ಅತ್ತೆ ಹುಮನಾಬಾದಿಗೆ ಮಾತು ಕಳಿಸಿದಳು. ಮಲ್ಲಿಕಾ ಮಗಳನ್ನು ಕರೆದುಕೊಂಡು ಕೇರಿಯ ಆ ತುದಿಗೆ ಒಂದು ಖೋಲಿ ಹಿಡಿದಳು. ಭೀಮಬಾಯಿ ಎರಡು ಸಲ ಹೋದಳು. ಎರಡೂ ಸಲ ಬಾಗಿಲು ತೆರೆಯಲಿಲ್ಲ.

ಭೀಮಬಾಯಿ ಪ್ರೀತಿಯವರ ಬಳಿಗೆ ಹೋಗಿ ಎಲ್ಲ ಹೇಳಿದಳು. ಅವರು ಏನನ್ನೂ ಮುಚ್ಚಿಡಲಿಲ್ಲ. "ಇದನ್ನ ವಿಚಾರಣ್ಯಾಗ ನೀವು ಹೇಳಿದ್ರ ನಿಮ್ಮ ಮ್ಯಾಲೂ ಕೇಸ್ ಆಗಬಹುದ್ರಿ. ಆಗಂಗಿಲ್ಲ ಅಂತ ನಾ ಮಾತು ಕೊಡ್ಲಾಕ ಬರಂಗಿಲ್ಲ."

"ಆಗ್ಲಿ," ಎಂದಳು ಭೀಮಬಾಯಿ. ಇಷ್ಟು ದಿನದಲ್ಲಿ ಅವಳಿಗೆ ಯಾರಾದರೂ ಹೀಗೆ ಮೊದಲೇ ತಿಳಿಸಿ ಹೇಳಿದ್ದು ಇದೇ ಮೊದಲು.

ಒಂದು ತಿಂಗಳ ಮೇಲೆ ಕಲಬುರಗಿಯಲ್ಲಿ ಮಲ್ಲಿಕಾಳ ತಕರಾರಿನ ವಿಚಾರಣೆ. ಉದ್ದ ಮೇಜಿನ ಆಚೆ ಮೂವರು ಅಧಿಕಾರಿಗಳು. ಒಂದು ಬದಿಗೆ ಮಂಜುಷಾ, ಅಜಿತ, ಅವರ ವಕೀಲ. ಇನ್ನೊಂದು ಬದಿಯ ಗೋಡೆಯ ಹತ್ತಿರ ಮಲ್ಲಿಕಾ ಒಬ್ಬಳೇ ಕೂತಿದ್ದಳು. ಭೀಮಬಾಯಿ ಒಳಗೆ ಬಂದಾಗ ಅವಳು ಕತ್ತೆತ್ತಲಿಲ್ಲ.

ಭೀಮಬಾಯಿ ನಿಂತುಕೊಂಡೇ ಹೇಳಿದಳು. ಬಿಡಿಸಿ ಬಿಡಿಸಿ ಹೇಳಿದಳು. ಖಾಲಿ ಹಾಳೆ. ಮೇಲೊಂದು, ಕೆಳಗೊಂದು. ಎರಡು ವರ್ಷದ ಗುಳಿಗೆ. ಮಣಿಕಟ್ಟು ಹಿಡಿದದ್ದು. ಆಳಂದದ ಹೆಂಗಸನ್ನು ಗದರಿ ಕಳಿಸಿದ್ದನ್ನೂ ಬಿಡಲಿಲ್ಲ. ವಕೀಲ ನಡುವೆ ಎದ್ದು, "ಕೆಲಸ ಹೋದ ಸಿಟ್ಟಿಗೆ ಹೇಳ್ಲಾಕತ್ತಾಳ್ರಿ ಸರ್" ಎಂದ. ಭೀಮಬಾಯಿ ಅವನ ಕಡೆ ನೋಡಲೂ ಇಲ್ಲ.

"ಇದೊಂದು ಹಾಳಿ ಅಲ್ರಿ ಸಾಹೇಬ್ರ. ಕಪಾಟ ತಗೀರಿ. ಈ ಗೆ‌ರಿ ಇರೋ ಹೆಬ್ಬೆಟ್ಟು ಎಷ್ಟು ಅವ ಎಣಸ್ರಿ. ಒಂದೊಂದೂ ಒಬ್ಬೊಬ್ಬ ಹೆಣ್ಮಗಳು. ಅವರನ್ನೆಲ್ಲ ಕರಸ್ರಿ. ಅವರಿಗೆ ಏನ್ ಮಾಡ್ಯಾರ ಅಂತ ಅವರಿಗೇ ಗೊತ್ತಿಲ್ಲ."

ಮಂಜುಷಾ ಕಣ್ಣೊರೆಸಿಕೊಂಡರು. ಅವರು ಯಾರಿಗಾಗಿ ಅತ್ತರೋ ಭೀಮಬಾಯಿಗೆ ತಿಳಿಯಲಿಲ್ಲ. ಈಗ ತಿಳಿಯುವ ಆಸೆಯೂ ಇರಲಿಲ್ಲ.

ಬರೆದುಕೊಂಡ ಗುಮಾಸ್ತ ಮೂರು ಹಾಳೆ ಅವಳ ಮುಂದೆ ಸರಿಸಿದ. ಮಸಿಯ ಡಬ್ಬಿ ತೆರೆದ. ಹೊರಗೆ ಇನ್ನೂ ಜನ ಕಾಯುತ್ತಿದ್ದರು.

"ನೀ ಹೇಳಿದ್ದೆಲ್ಲ ಬರದೀನಿ. ಒತ್ತು ಬಾಯಿ."

ಭೀಮಬಾಯಿ ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ಓದ್ರಿ."

"ಮೂರು ಹಾಳಿ ಅದ. ಓದ್ಕೊಂತ ಕುಂತ್ರ ಸಂಜಿ ಆಗ್ತದ."

"ಆಗ್ಲಿ. ನಾ ನಿಂತೀನಿ."

ಗುಮಾಸ್ತ ಅಧಿಕಾರಿಗಳ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು ಬೇಸರದಿಂದ ಗಡಗಡ ಓದತೊಡಗಿದ. ತಿಳಿಯದ ಮಾತು ಬಂದಲ್ಲೆಲ್ಲ ಭೀಮಬಾಯಿ ತಡೆದಳು, ಅರ್ಥ ಹೇಳಿಸಿಕೊಂಡಳು. ಎರಡನೆಯ ಹಾಳೆಯಲ್ಲಿ ಒಂದು ಸಾಲು ಬಂತು. 'ಸದರಿ ಭೀಮಬಾಯಿಯು ನಿರಕ್ಷರಿಯಾಗಿದ್ದು, ಏನೊಂದನ್ನೂ ಅರಿಯದೆ ಹೆಬ್ಬೆಟ್ಟು ಒತ್ತಿರುತ್ತಾಳೆ.'

"ಅದು ತಗೀರಿ," ಎಂದಳು.

"ನಿನ್ನ ಒಳ್ಳೇದಕ್ಕೇ ಬರದೀನಿ ಬಾಯಿ. ಅದಿದ್ರ ನಿನಗ ಏನೂ ಆಗಂಗಿಲ್ಲ."

"ನನ್ನ ಒಳ್ಳೇದು ನೀವು ನೋಡಬ್ಯಾಡ್ರಿ. ನಾ ಹೇಳಿದ್ದು ಬರೀರಿ. ಹೆಣ್ಮಕ್ಕಳು ನನ್ನ ಸೆರಗ ಹಿಡದು ಕೇಳ್ಯಾರ. ಅವರ ಬಾಯಿ ಮುಚ್ಚಿಸೀನಿ. ನನಗ ಅಕ್ಕಾರ ಮಾತು ಬೇಕಿತ್ತು, ಅವರದು ಬ್ಯಾಡಾಗಿತ್ತು. ಹಂಗ ಬರೀರಿ."

ಗುಮಾಸ್ತ ಪೆನ್ನಿನ ಮೊನೆಯನ್ನು ಆ ಸಾಲಿನ ಮೇಲೆ ತಂದ. ಹೊಡೆದುಹಾಕಲೋ ಬೇಡವೋ ಎಂದು ಮತ್ತೆ ಅಧಿಕಾರಿಗಳ ಕಡೆ ನೋಡಿದ. ವಕೀಲ ಏನೋ ಹೇಳಲು ಬಾಯಿ ತೆರೆದ.

"ಬರೀರಿ ಸಾಹೇಬ್ರ," ಎಂದಿತು ಗೋಡೆಯ ಕಡೆಯ ದನಿ.

ಮಲ್ಲಿಕಾ ಎದ್ದು ನಿಂತಿದ್ದಳು. ಅವಳು ಭೀಮಬಾಯಿಯ ಕಡೆ ನೋಡುತ್ತಿರಲಿಲ್ಲ. ಗುಮಾಸ್ತನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದಳು.

"ಆಕಿ ಹೆಂಗ ಹೇಳ್ಯಾಳ ಹಂಗೇ ಬರೀರಿ. ಬರದು ಮೊದಲಿಂದ ಓದ್ರಿ. ಈ ಸಲ ನನಗೂ ಕೇಳಸಂಗ ಓದ್ರಿ."